ಹ್ಯೂಸ್ಟನ್ ಹಿತ್ತಲಿನ ಮೂರೆಲೆ ಕಿತ್ತಳೆ

ಬಂದಿಳಿದ ಎರಡನೆಯ ದಿನ. ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ. ಹಗಲು ರಾತ್ರಿಗಳು ಅದಲುಬದಲಾಗಿ ನಿದ್ದೆ ಬಾರದೆ ಒದ್ದಾಡುತ್ತಿದ್ದ ನನ್ನ ಶ್ರೀಮತಿ, ಗಾಜಿನ ಬಾಗಿಲು ಸರಿಸಿ ಹಿತ್ತಲಿಗೆ ಹೋದವಳು ಅಲ್ಲಿಂದಲೇ ಕೂಗಿದಳು: "ರೀ, ಬನ್ನಿ ಇಲ್ಲಿ. ಇವರ ಹಿತ್ತಲಲ್ಲಿ ಬಿಲ್ವದ ಗಿಡ ಇದೆ!"

ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದ ನೈರುತ್ಯಕ್ಕಿರುವ ಒಂದು ಬಡಾವಣೆ ಅದು. 2024ರ ಅಕ್ಟೋಬರ್ ಕೊನೆಯ ವಾರ. ಮಗನ ಮನೆಗೆ ನಾವು ಬಂದದ್ದು ಆರು ವರ್ಷಗಳ ನಂತರ. ಹೋಗಿ ನೋಡಿದರೆ ಬೇಲಿಯ ಪಕ್ಕದಲ್ಲಿ ಆಳೆತ್ತರದ ಗಿಡ. ಕಡುಹಸಿರು ಕೊಂಬೆಗಳು, ಹೆಬ್ಬೆರಳುದ್ದದ ಮುಳ್ಳುಗಳು, ಒಂದೊಂದು ತೊಟ್ಟಿಗೂ ಮೂರು ಮೂರು ಎಲೆ. ಬಿಲ್ವವೆಂದೇ ಹೇಳಬೇಕು. ಅಷ್ಟರಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಬಂದ ಮಗ ನಕ್ಕುಬಿಟ್ಟ. "ಅಮ್ಮಾ, ಅದು ಬಿಲ್ವ ಅಲ್ಲ. ಪುಟ್ಟಿಯ ಕಿತ್ತಳೆ ಗಿಡ. ಅಪ್ಪನೇ ಗುಂಡಿ ತೋಡಿ ನೆಟ್ಟಿದ್ದು, ಮರೆತುಹೋಯ್ತಾ?"

ಮರೆತಿರಲಿಲ್ಲ. 2018ರ ಮಾರ್ಚಿನಲ್ಲಿ, ಮೊಮ್ಮಗಳ ಮೊದಲ ಹುಟ್ಟುಹಬ್ಬದ ನೆನಪಿಗೆ, ನರ್ಸರಿಯಿಂದ ತಂದ 'ಸತ್ಸುಮ' ಎಂಬ ಕಿತ್ತಳೆಯ ಸಸಿಯನ್ನು ನಾನೇ ನೆಟ್ಟಿದ್ದೆ. ಆದರೆ ನಾನು ನೆಟ್ಟ ಗಿಡಕ್ಕೆ ಇಂಥ ಮುಳ್ಳಿರಲಿಲ್ಲ, ಮೂರೆಲೆಯೂ ಇರಲಿಲ್ಲ. ಗಿಡದಲ್ಲಿ ಮೂರು ಹಣ್ಣುಗಳು. ಪಿಂಗ್‌ಪಾಂಗ್ ಚೆಂಡಿನಷ್ಟು ಗಾತ್ರ, ಹಳದಿ ಬಣ್ಣ, ಮೈಮೇಲೆ ಪೀಚ್ ಹಣ್ಣಿಗಿರುವಂಥ ನವಿರು ರೋಮ. ಏಳು ವರ್ಷದ ಮೊಮ್ಮಗಳು ಅವನ್ನು ಮುಟ್ಟದೆ ಕಾದಿರಿಸಿದ್ದಳು, ತಾತ ಬಂದ ಮೇಲೆ ಕೊಯ್ಯಬೇಕೆಂದು.

ಅಂದು ಸಂಜೆ ಕೊಯ್ದೆವು. ಒಳಗೆ ಬೀಜ, ಬೀಜ, ಬರೀ ಬೀಜ. ಚಾಕುವಿಗೆ ಅಂಟಿಕೊಳ್ಳುವ ಗೋಂದು. ಸುವಾಸನೆಯೇನೋ ಸೊಗಸಾಗಿತ್ತು. ಬಾಯಿಗಿಟ್ಟ ಪುಟ್ಟಿ ಮುಖ ಹಿಂಡಿ ಉಗುಳಿಬಿಟ್ಟಳು. ಹುಳಿ ಹೋಗಲಿ, ನಾಲಿಗೆಯ ಹಿಂಬದಿಯಲ್ಲಿ ಹತ್ತು ನಿಮಿಷ ಉಳಿಯುವ ಕಹಿ. ಅವಳು ಅಳಲಿಲ್ಲ. "ಮೊದಲಿನ ಹಣ್ಣು ಸ್ವೀಟ್ ಇತ್ತಲ್ಲ ತಾತ, ನನ್ನ ಗಿಡಕ್ಕೆ ಏನಾಯ್ತು?" ಎಂದು ಕೇಳಿದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದ ನನಗೆ ಆ ಪ್ರಶ್ನೆಯ ಉತ್ತರ ಆ ಕ್ಷಣಕ್ಕೆ ಹೊಳೆಯಲಿಲ್ಲವೆಂದರೆ ಓದುಗರು ನಗಬಹುದು. ಹೊಳೆಯದಿದ್ದುದಕ್ಕೆ ಕಾರಣ ನನ್ನೂರಿನಲ್ಲೇ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಊರಿನ ಪರಿಚಯ ಆಗಲಿ. ಹ್ಯೂಸ್ಟನ್ ಎಂದರೆ ಅಂಗೈಯಂತೆ ಚಪ್ಪಟೆ ನೆಲ. ಗುಡ್ಡವೆಂಬುದನ್ನು ನೋಡಬೇಕಾದರೆ ಹೆದ್ದಾರಿಯ ಮೇಲ್ಸೇತುವೆ ಹತ್ತಬೇಕು. ನಡುವೆ ಅಲ್ಲಲ್ಲಿ 'ಬಾಯೂ' ಎನ್ನುವ ಮಂದಗತಿಯ ಹಳ್ಳಗಳು. ಬೇಸಿಗೆಯಲ್ಲಿ ಮಂಗಳೂರಿನ ಮೇ ತಿಂಗಳನ್ನು ನೆನಪಿಸುವ ಸೆಕೆ, ಬೆವರು. ಸಮುದ್ರವೂ ದೂರವಿಲ್ಲ, ಮೆಕ್ಸಿಕೊ ಕೊಲ್ಲಿ ಒಂದು ಗಂಟೆಯ ದಾರಿ. ಕರಿಬೇವು, ನುಗ್ಗೆ, ಮಲ್ಲಿಗೆ ಹಿತ್ತಲಲ್ಲಿ ಬೆಳೆಯುತ್ತವೆ. ನಮ್ಮವರ ಮನೆಗಳನ್ನು ಹೊರಗಿನಿಂದಲೇ ಗುರುತಿಸಲು ಕರಿಬೇವಿನ ಗಿಡವೊಂದು ಸಾಕು. ಇಂಥ ಊರಿನಲ್ಲಿ ಕಿತ್ತಳೆ ಬೆಳೆಯುವುದೇನು ದೊಡ್ಡ ವಿಷಯ ಎಂದೇ ನಾನು 2018ರಲ್ಲಿ ಅಂದುಕೊಂಡಿದ್ದು.

ಭೂಪಟ ತೆಗೆದು ನೋಡಿ. ಹ್ಯೂಸ್ಟನ್ ಇರುವುದು ಸುಮಾರು 30 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನಮ್ಮ ಹರಿದ್ವಾರವೂ ಹೆಚ್ಚುಕಡಿಮೆ ಅಲ್ಲೇ. ಆದರೆ ಹರಿದ್ವಾರದ ಬೆನ್ನಿಗೆ ಹಿಮಾಲಯ ನಿಂತಿದೆ. ಉತ್ತರದ ಕೊರೆಯುವ ಗಾಳಿ ಅದನ್ನು ದಾಟಿ ಬರಲಾರದು. ಹ್ಯೂಸ್ಟನ್ನಿಗೆ ಅಂಥ ಗೋಡೆಯಿಲ್ಲ. ಕೆನಡಾದಿಂದ ಮೆಕ್ಸಿಕೊ ಕೊಲ್ಲಿಯವರೆಗೆ ಬಯಲೇ ಬಯಲು. ಉತ್ತರ ಧ್ರುವದ ಕಡೆಯ ಗಾಳಿ ಒಮ್ಮೆ ಹೊರಟರೆ ಅದನ್ನು ತಡೆಯುವ ಒಂದು ಬೆಟ್ಟವೂ ದಾರಿಯಲ್ಲಿಲ್ಲ. ಮಧ್ಯಾಹ್ನ ಅಂಗಿಯಲ್ಲಿ ಓಡಾಡಿದವರು ರಾತ್ರಿ ಎರಡು ಕಂಬಳಿ ಹೊದೆಯಬೇಕಾಗುತ್ತದೆ. ಇಲ್ಲಿಯ ಜನ ಈ ಗಾಳಿಯನ್ನು 'ನಾರ್ದರ್' ಎನ್ನುತ್ತಾರೆ. ಹತ್ತು ವರ್ಷ ಸುಮ್ಮನಿದ್ದು ಹನ್ನೊಂದನೆಯ ವರ್ಷ ಬಂದು ಎಲ್ಲವನ್ನೂ ಒರೆಸಿಹಾಕುವ ಗಾಳಿ ಅದು.

ನಾನು ನೆಟ್ಟ ಸತ್ಸುಮ 2020ರ ನವೆಂಬರಿನಲ್ಲಿ ಹನ್ನೊಂದು ಹಣ್ಣು ಬಿಟ್ಟಿತು. ಕೊರೊನಾ ಕಾಲ, ನಾವು ಸೋಮವಾರಪೇಟೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆವು. ಮೂರೂವರೆ ವರ್ಷದ ಮೊಮ್ಮಗಳು ಫೋನಿನ ಪರದೆಯಲ್ಲಿ ಒಂದೊಂದನ್ನೇ ಮುಟ್ಟಿ ಎಣಿಸಿದ್ದಳು. ಅದಾಗಿ ಮೂರು ತಿಂಗಳಿಗೆ, 2021ರ ಫೆಬ್ರವರಿ 14ರ ರಾತ್ರಿ ಆ ಗಾಳಿ ಬಂತು. 16ರಂದು ಹ್ಯೂಸ್ಟನ್ ವಿಮಾನ ನಿಲ್ದಾಣದಲ್ಲಿ ತಾಪಮಾನ 13 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಯಿತು. ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಹತ್ತೂವರೆ ಡಿಗ್ರಿ ಕೆಳಗೆ. ಟೆಕ್ಸಾಸಿನಲ್ಲಿ 45 ಲಕ್ಷ ಮನೆಗಳ ದೀಪ ಆರಿತು. ಸರ್ಕಾರಿ ಲೆಕ್ಕದಂತೆಯೇ 246 ಜನ ಸತ್ತರು. ಮಗನ ಮನೆಯಲ್ಲಿ ಮೂವರೂ ಕೋಟು ತೊಟ್ಟು ಒಂದೇ ಮಂಚದ ಮೇಲೆ ಎರಡು ರಾತ್ರಿ ಕಳೆದರು. ಛಾವಣಿಯೊಳಗಿನ ನೀರಿನ ಪೈಪು ಒಡೆದು ಅಡುಗೆಮನೆಯಲ್ಲಿ ಮಳೆಯಾಯಿತು. ಫೋನ್ ಚಾರ್ಜು ಮಾಡಲು ಕಾರಿನಲ್ಲಿ ಹೋಗಿ ಕೂರುತ್ತಿದ್ದರಂತೆ. ಇದರ ನಡುವೆ ಗಿಡದ ಮೇಲೆ ಹಾಸಿಗೆಯ ಹೊದಿಕೆಯೊಂದನ್ನು ಎಸೆದದ್ದೇ ದೊಡ್ಡದು. ಮಾರ್ಚಿನ ಹೊತ್ತಿಗೆ ಗಿಡ ಕಂದು ಕಡ್ಡಿಯಾಗಿತ್ತು.

ಏಪ್ರಿಲಿನಲ್ಲಿ ಮಗ ಒಂದು ಚಿತ್ರ ಕಳಿಸಿದ. ಸತ್ತ ಕಾಂಡದ ಬುಡದಿಂದ ಎರಡು ಹಸಿರು ಚಿಗುರು. "ಬದುಕಿದೆ ಅಪ್ಪ! ಒಣಗಿದ್ದನ್ನು ಕತ್ತರಿಸಿಬಿಡ್ಲಾ?" "ಕತ್ತರಿಸು, ಚಿಗುರು ಮಾತ್ರ ಮುಟ್ಟಬೇಡ" ಎಂದು ಧೈರ್ಯವಾಗಿ ಹೇಳಿದವನು ನಾನೇ.

ಈಗ ನನ್ನೂರಿನ ವಿಷಯ. ಕೊಡಗಿನ ಕಾಫಿ ತೋಟಗಳಲ್ಲಿ, ನೆರಳು ಮರಗಳ ನಡುವೆ ಕಿತ್ತಳೆ ಬೆಳೆಯುತ್ತಿದ್ದ ಕಾಲದಲ್ಲಿ ಹುಟ್ಟಿ ಬೆಳೆದವನು ನಾನು. ನಮ್ಮ ತಂದೆ ಸಸಿ ಮಾಡುತ್ತಿದ್ದುದು ಬೀಜದಿಂದ. ಒಳ್ಳೆಯ ಮರದ ಒಳ್ಳೆಯ ಹಣ್ಣಿನ ಬೀಜ ಊರಿದರೆ ಅದೇ ಗುಣದ ಗಿಡ ಬರುತ್ತಿತ್ತು. ಮಾವಿನ ಗೊರಟೆಯ ಹಾಗೆ ನಾನಾ ಅವತಾರ ಎತ್ತುತ್ತಿರಲಿಲ್ಲ. ಕಾರಣ ಸ್ವಾರಸ್ಯವಾದುದು. ಕಿತ್ತಳೆಯ ಒಂದು ಬೀಜದೊಳಗೆ ಒಂದಕ್ಕಿಂತ ಹೆಚ್ಚು ಭ್ರೂಣಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಪರಾಗದ ಹಂಗಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದಂಥವು, ಅಂದರೆ ತಾಯಿಯ ತದ್ರೂಪು. ಹಾಗೆ ಬೀಜದಿಂದ ಬಂದ ಮರ ಬೇರಿನಿಂದ ತುದಿಯವರೆಗೆ ಒಂದೇ ಮರ. ಕೊಂಬೆ ಮುರಿದು ಬಿದ್ದು ಬುಡದಿಂದ ಚಿಗುರಿದರೆ ಆ ಚಿಗುರೂ ಕಿತ್ತಳೆಯೇ. 'ಬುಡ ಚಿಗುರಿತು, ಮರ ಉಳಿಯಿತು' ಎಂಬುದು ಹುಡುಗುತನದಿಂದ ನನ್ನ ತಲೆಯಲ್ಲಿ ಕೂತಿದ್ದ ಲೆಕ್ಕ. ಹ್ಯೂಸ್ಟನ್ನಿಗೆ ಹೇಳಿದ್ದೂ ಅದನ್ನೇ.

ಆ ಲೆಕ್ಕವನ್ನು ತಿದ್ದಿದವರು ಬೇಲಿಯಾಚೆಯ ನೆರೆಯವರು. ವಯಸ್ಸು ಎಪ್ಪತ್ತೆಂಟು, ಲೂಯಿಸಿಯಾನದ ಪ್ಲಾಕ್‌ಮಿನ್ಸ್ ಎಂಬ ಪ್ರಾಂತದವರು. ಮಿಸಿಸಿಪ್ಪಿ ನದಿ ಸಮುದ್ರ ಸೇರುವ ಕಡೆಯ ಕಿರಿದಾದ ನೆಲ ಅದು. ನದಿಯ ಏರಿಯ ಪಕ್ಕದಲ್ಲಿ ತಲೆತಲಾಂತರದಿಂದ ಕಿತ್ತಳೆ ತೋಟಗಳಿದ್ದವು. 2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ದಡ ಮುಟ್ಟಿದ್ದು ಅಲ್ಲಿಯ ಬ್ಯೂರಸ್ ಎಂಬ ಊರಿನ ಬಳಿ. ಉಪ್ಪುನೀರು ನಿಂತು ತೋಟಗಳು ಸತ್ತವು. ಇವರು ಸಂಸಾರಸಮೇತ ಹ್ಯೂಸ್ಟನ್ನಿಗೆ ಬಂದವರು ಹಿಂದಿರುಗಲಿಲ್ಲ. ನಾನು ಅವರನ್ನು 'ಸರ್' ಎನ್ನುತ್ತಿದ್ದೆ. ಅವರು ನನ್ನನ್ನು 'ಟೀಚರ್' ಎನ್ನುತ್ತಿದ್ದರು.

ನಾನು ಕೈಯಲ್ಲಿ ಹಿಡಿದು ತೋರಿಸಿದ ಕಹಿ ಹಣ್ಣನ್ನು ನೋಡಿದವರೇ ಬೇಲಿ ಸುತ್ತಿ ಬಂದು ಗಿಡದ ಬುಡದಲ್ಲಿ ಕೂತರು. ಮಣ್ಣು ಕೆದಕಿ, ಹಳೆಯ ಕಾಂಡ ಕತ್ತರಿಸಿದ ಮೋಟನ್ನೂ ಅದಕ್ಕಿಂತ ಕೆಳಗೆ ಚಿಗುರು ಹೊರಟ ಜಾಗವನ್ನೂ ತೋರಿಸಿದರು. ಎರಡರ ನಡುವೆ ಮೊಣಕಾಲ ಚಿಪ್ಪಿನಂತೆ ಸ್ವಲ್ಪ ಉಬ್ಬಿದ ಗಂಟು. "ನಿಮ್ಮ ಸತ್ಸುಮ ಇದ್ದದ್ದು ಇದರ ಮೇಲೆ. ಬದುಕಿದ್ದು ಇದರ ಕೆಳಗಿನದು."

ಕಸಿ ಗಂಟು! ಎಷ್ಟು ಸಾವಿರ ಸಲ ಅದರ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೇನೋ. ಬೇರುಸಸಿ, ಕುಡಿ, ಗಂಟು ಎಂದು ಬಾಣದ ಗುರುತು ಹಾಕಿ, ಐದು ಅಂಕದ ಪ್ರಶ್ನೆ ಎಂದು ಹೇಳಿಕೊಟ್ಟಿದ್ದೇನೆ. ಕೈಯಾರೆ ನೆಟ್ಟ ಗಿಡದಲ್ಲಿ ಅದು ಕಣ್ಣಿಗೆ ಬೀಳಲಿಲ್ಲ. ಮಗ ಮೂರೂವರೆ ವರ್ಷ ನೀರು, ಗೊಬ್ಬರ ಹಾಕಿ ಸಾಕಿದ್ದು ಮೂರೆಲೆ ಕಿತ್ತಳೆ ಎಂಬ ಬೇರೆಯೇ ಜಾತಿಯ ಗಿಡವನ್ನು. ನರ್ಸರಿಯವರು ಸತ್ಸುಮವನ್ನು ಕಸಿಮಾಡಲು ಬಳಸುವ ಬೇರುಸಸಿ ಅದು.

ಅಲ್ಲಿಗೆ ನನ್ನ ಶ್ರೀಮತಿಯ ಮಾತೂ ಪೂರ್ತಿ ಸುಳ್ಳಲ್ಲವೆಂದಾಯಿತು. ಬಿಲ್ವ, ನಿಂಬೆ, ಕಿತ್ತಳೆ, ಈ ಮೂರೆಲೆ, ಅಷ್ಟೇಕೆ ನಮ್ಮ ಕರಿಬೇವು ಕೂಡ ಸಸ್ಯಶಾಸ್ತ್ರದಲ್ಲಿ ಒಂದೇ ಕುಟುಂಬ, ರೂಟೇಸಿ. ಎಲೆ ಹಿಸುಕಿದರೆ ಎಲ್ಲಕ್ಕೂ ಘಾಟು ವಾಸನೆ. ಅದು ಕಾರ್ತಿಕ ಮಾಸ. ಬಿಲ್ವ ಸಿಕ್ಕದ ಊರಿನಲ್ಲಿ ಅವಳು ಸೋಮವಾರ ಇದನ್ನೇ ಕೊಯ್ದು ಶಿವನ ಪಟಕ್ಕೆ ಏರಿಸಿದಳು. "ದಾಯಾದಿ ಅಂತ ಶಿವನಿಗೆ ಗೊತ್ತಿರುತ್ತೆ ಬಿಡಿ" ಎಂದಳು. ನವೆಂಬರ್ ಕಳೆಯುತ್ತಿದ್ದಂತೆ ಎಲೆಗಳು ಹಳದಿಯಾಗಿ ಉದುರತೊಡಗಿದವು. ಡಿಸೆಂಬರಿಗೆ ಗಿಡ ಬೋಳು. ಇದೇ ಅದರ ಗುಟ್ಟು. ಚೀನಾ ದೇಶದ ಮೂಲದ ಈ ಗಿಡ, ಚಳಿಗಾಲಕ್ಕೆ ಎಲೆ ಉದುರಿಸಿ ನಿದ್ದೆ ಹೋಗುವುದನ್ನು ಕಲಿತಿದೆ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯನ್ನೂ ಅದು ತಾಳಬಲ್ಲದು. ನಮ್ಮ ನಿಂಬೆಯಾದರೋ ವರ್ಷವಿಡೀ ಎಚ್ಚರ, ವರ್ಷವಿಡೀ ಚಿಗುರು. ಸೊನ್ನೆಯ ಕೆಳಗೆ ಎರಡು ಮೂರು ಡಿಗ್ರಿಗೇ ಸೋತುಹೋಗುತ್ತದೆ. ಸತ್ಸುಮ ಇವೆರಡರ ನಡುವಿನದು. ಚಳಿ ನಿಧಾನವಾಗಿ ಬಂದು ಮರ ಹದವಾಗಿದ್ದರೆ ಏಳೆಂಟು ಡಿಗ್ರಿ ಮೈನಸ್ಸನ್ನು ಸಹಿಸುತ್ತದೆ. ಹದವಾಗುವುದೆಂದರೆ ಬೆಳವಣಿಗೆ ನಿಂತು, ಜೀವಕೋಶಗಳಲ್ಲಿ ಸಕ್ಕರೆಯ ಅಂಶ ಹೆಚ್ಚುವುದು. ಉಪ್ಪೋ ಸಕ್ಕರೆಯೋ ಕರಗಿದ ನೀರು ಬೇಗ ಹೆಪ್ಪುಗಟ್ಟದೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅದಕ್ಕೇ ಇಲ್ಲಿಯ ತಿಳಿದವರು ಬೇಸಿಗೆ ಕಳೆದ ಮೇಲೆ ಕಿತ್ತಳೆಗೆ ಗೊಬ್ಬರ ಹಾಕುವುದಿಲ್ಲ. ಹಾಕಿದರೆ ಎಳೆ ಚಿಗುರು ಬಂದು, ಮೊದಲ ಹಿಮಕ್ಕೇ ಸುಟ್ಟುಹೋಗುತ್ತದೆ. ಮೂರೆಲೆಯ ಬೇರಿನ ಮೇಲೆ ಕೂತ ಸತ್ಸುಮ ತಾನೂ ಬೇಗ ನಿದ್ದೆಗೆ ಜಾರುತ್ತದಂತೆ.

ನೆರೆಯವರ ಹಿತ್ತಲಲ್ಲಿ ಸತ್ಸುಮ ಮರವೊಂದಿತ್ತು. 2021ರ ಚಳಿಗೆ ಅದೂ ಮಣ್ಣಿನವರೆಗೆ ಸತ್ತಿತ್ತು. ಆದರೆ ಅವರು ಪ್ರತಿ ನವೆಂಬರಿನಲ್ಲಿ, ಊರಿನ ಪದ್ಧತಿಯಂತೆ, ಬುಡಕ್ಕೆ ಒಂದೂವರೆ ಅಡಿ ಮಣ್ಣು ಏರಿಸುತ್ತಿದ್ದರು. ನಾವು ಶುಂಠಿಗೋ ಆಲೂಗಡ್ಡೆಗೋ ಏರಿಸುವ ಹಾಗೆ. ಕಸಿ ಗಂಟು ಮತ್ತು ಅದರ ಮೇಲಿನ ಒಂದು ಗೇಣು ಕಾಂಡ ಮಣ್ಣೊಳಗೆ ಬೆಚ್ಚಗಿತ್ತು. ಮಾರ್ಚಿನಲ್ಲಿ ಮಣ್ಣು ಬಿಡಿಸಿದಾಗ ಆ ಗೇಣುದ್ದದಿಂದ ಹೊಸ ಚಿಗುರು ಬಂತು. ಅದು ಅಸಲು ಸತ್ಸುಮ. ನವೆಂಬರಿನ ಆ ಸಂಜೆ ಅವರು ನಮಗೆ ಒಂದು ಬುಟ್ಟಿ ಹಣ್ಣು ಕೊಟ್ಟರು. ಸಿಪ್ಪೆಯಲ್ಲಿ ಇನ್ನೂ ಹಸಿರಿತ್ತು, ಒಳಗೆ ಸಿಹಿ. ಬೀಜವಿಲ್ಲ. ಸಿಪ್ಪೆ ನಮ್ಮ ಕೊಡಗಿನ ಕಿತ್ತಳೆಯಂತೆಯೇ ಸಡಿಲ, ಉಗುರು ತಗುಲಿಸಿದರೆ ಇಡಿಯಾಗಿ ಕಳಚಿ ಬರುತ್ತದೆ. ಕೊಡಗಿನ ಹಣ್ಣಿನ ಪರಿಮಳ ಅದಕ್ಕಿಲ್ಲ. ಇದು ಊರಭಿಮಾನದ ಮಾತಲ್ಲ ಎಂದು ಹೇಳಿದರೆ ಮಗ ನಂಬುವುದಿಲ್ಲ. ಪುಟ್ಟಿ ಮಾತ್ರ ಒಂದೊಂದೇ ತೊಳೆ ಬಿಡಿಸಿ ತಿನ್ನುತ್ತಾ, "ನನ್ನ ಗಿಡದ ಹಣ್ಣು ಹೀಗೇ ಇತ್ತು" ಎಂದಳು.

ಆ ಭಾನುವಾರ ಮಗ ನಮ್ಮನ್ನು ನಗರದ ವಾಯವ್ಯಕ್ಕೆ, 290ನೇ ಹೆದ್ದಾರಿಯಲ್ಲಿ ಕರೆದುಕೊಂಡು ಹೋದ. ಅಲ್ಲಿ 'ಸತ್ಸುಮ' ಎಂಬ ಹೆಸರಿನ ಜಾಗವಿದೆಯೆಂದು ನೆರೆಯವರು ಹೇಳಿದ್ದರು. ಇದೆ, ಹೆಸರು ಮಾತ್ರ. ಎಂಟು ಸಾಲು ವಾಹನಗಳ ರಸ್ತೆ, ಗೋದಾಮುಗಳು, ಅಂಗಡಿಗಳು. ಒಂದು ಕಿತ್ತಳೆ ಗಿಡವೂ ಕಣ್ಣಿಗೆ ಬೀಳಲಿಲ್ಲ. ಅಲಬಾಮದಲ್ಲಿ, ಲೂಯಿಸಿಯಾನದಲ್ಲಿ, ಫ್ಲಾರಿಡದಲ್ಲೂ ಇದೇ ಹೆಸರಿನ ಊರುಗಳಿವೆ. ಹೆಸರು ಬಂದದ್ದು ಜಪಾನಿನಿಂದ. ಜಪಾನಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರ ಪತ್ನಿ 1878ರಲ್ಲಿ ಈ ಗಿಡಗಳನ್ನು ಫ್ಲಾರಿಡಕ್ಕೆ ಕಳಿಸಿದರು. ಅಲ್ಲಿಯ ಸತ್ಸುಮ ಪ್ರಾಂತದ ಹೆಸರು ಹಣ್ಣಿಗೆ ಅಂಟಿತು. ಜಪಾನೀಯರು ಮಾತ್ರ ಅದನ್ನು 'ಉನ್‌ಶು ಮಿಕಾನ್' ಎನ್ನುತ್ತಾರೆ. ಟೆಕ್ಸಾಸಿಗೂ ಜಪಾನೀ ಕೃಷಿಕರು ಬಂದಿದ್ದರು. ಜಪಾನಿನ ಮಾಜಿ ಸಂಸದ ಸೈಟೊ ಸೈಬಾರ 1903ರಲ್ಲಿ ಹ್ಯೂಸ್ಟನ್ ಹತ್ತಿರದ ವೆಬ್‌ಸ್ಟರಿನಲ್ಲಿ ಭತ್ತ ಬೆಳೆಯಲು ನೆಲೆಸಿದವರು. 1908ರಿಂದ 1911ರ ಒಳಗೆ ಸುಮಾರು ಹತ್ತು ಲಕ್ಷ ಸತ್ಸುಮ ಸಸಿಗಳು ಜಪಾನಿನಿಂದ ಬಂದು ಫ್ಲಾರಿಡದಿಂದ ಟೆಕ್ಸಾಸಿನವರೆಗೆ ಕೊಲ್ಲಿಯ ಅಂಚಿನುದ್ದಕ್ಕೂ ನೆಲ ಸೇರಿದವು. ಊರುಗಳಿಗೆ ಹಣ್ಣಿನ ಹೆಸರಿಟ್ಟರು, ನಿವೇಶನ ಮಾರಿದರು. ಮತ್ತೆ ಮತ್ತೆ ಬಂದ ನಾರ್ದರ್ ಅವನ್ನು ಒಣಗಿಸಿತು. ಉಳಿದವಕ್ಕೆ ಬೇರೆಯೇ ಗಂಡಾಂತರ ಕಾದಿತ್ತು. ಹೊರದೇಶದ ಸಸಿಗಳ ಜೊತೆಗೇ ಕಜ್ಜಿ ರೋಗ ಬಂದಿಳಿದಿತ್ತು. ನಮ್ಮ ನಿಂಬೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ರೋಗವೇ. ಅದನ್ನು ತೊಡೆಯಲು ನರ್ಸರಿಗಳಲ್ಲಿ ಲಕ್ಷಾಂತರ ಸಸಿಗಳನ್ನು ಸುಟ್ಟರು.

ಚಳಿಯನ್ನು ಗೆಲ್ಲುವ ಕಿತ್ತಳೆ ಮಾಡಬೇಕೆಂಬ ಹಟ ಅದಕ್ಕೂ ಹಿಂದಿನದು. 1894ರ ಡಿಸೆಂಬರಿನಲ್ಲಿ ಒಮ್ಮೆ, ಮರಗಳು ಚೇತರಿಸಿಕೊಂಡು ಚಿಗುರುವಾಗ 1895ರ ಫೆಬ್ರವರಿಯಲ್ಲಿ ಮತ್ತೊಮ್ಮೆ ಹಿಮಗಾಳಿ ಬಂದು ಫ್ಲಾರಿಡದ ತೋಟಗಳನ್ನು ನೆಲಸಮ ಮಾಡಿತು. ವರ್ಷಕ್ಕೆ ಐವತ್ತು ಲಕ್ಷ ಪೆಟ್ಟಿಗೆಗೂ ಹೆಚ್ಚಿದ್ದ ಫಸಲು ಮರುವರ್ಷ ಎರಡು ಲಕ್ಷವನ್ನೂ ಮುಟ್ಟಲಿಲ್ಲ. ವಾಲ್ಟರ್ ಸ್ವಿಂಗಲ್ ಎಂಬ ಸರ್ಕಾರಿ ಸಸ್ಯವಿಜ್ಞಾನಿ 1897ರಲ್ಲಿ ಸಿಹಿ ಕಿತ್ತಳೆಯನ್ನೂ ಮೂರೆಲೆಯನ್ನೂ ಸಂಕರ ಮಾಡಿದರು. ಒಂದರಿಂದ ರುಚಿ, ಇನ್ನೊಂದರಿಂದ ಗಟ್ಟಿತನ ಬರಲೆಂದು. ಗಟ್ಟಿತನ ಬಂತು. ಕಹಿಯೂ ಬಂತು. ಆ ಹಣ್ಣು ಯಾರ ತಟ್ಟೆಗೂ ಬರಲಿಲ್ಲ. ಆದರೆ 'ಸಿಟ್ರೇಂಜ್' ಎಂದು ಹೆಸರಾದ ಈ ಸಂಕರದ ಟ್ರಾಯರ್, ಕ್ಯಾರಿಜೊ ಎಂಬ ತಳಿಗಳು ಮುಂದೆ ಬೇರುಸಸಿಗಳಾಗಿ ಜಗತ್ತಿನ ಎಷ್ಟೋ ತೋಟಗಳ ಅಡಿಯಲ್ಲಿ ನಿಂತವು. ನಮ್ಮ ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದಲ್ಲೂ ಕಿತ್ತಳೆಗೆ ಮೂರೆಲೆಯನ್ನು ಬೇರುಸಸಿಯಾಗಿ ಪರೀಕ್ಷಿಸಿದ್ದಾರೆ. ಅಲ್ಲಿ ಅದನ್ನು ಬಳಸುವುದು ಚಳಿಗಾಗಿ ಅಲ್ಲ, ಮಣ್ಣಿನಿಂದ ಬರುವ ಬೇರುಕೊಳೆಯಂಥ ರೋಗಗಳನ್ನು ಅದು ತಾಳುತ್ತದೆಂದು. ನಮ್ಮದೇ ಜಿಲ್ಲೆಯಲ್ಲಿದ್ದ ಗಿಡವನ್ನು ಗುರುತಿಸಲು ನಾನು ಹ್ಯೂಸ್ಟನ್ನಿಗೆ ಹೋಗಬೇಕಾಯಿತು.

ಮೂರೆಲೆಯನ್ನು ಕಿತ್ತೆಸೆದು ಹೊಸ ಸಸಿ ತರೋಣವೆಂದು ಮಗನ ಯೋಚನೆ. ಪುಟ್ಟಿ ಒಪ್ಪಲಿಲ್ಲ. "ಅದು ತಣ್ಣಗಾದರೂ ಸತ್ತಿಲ್ಲ, ಯಾಕೆ ಕೀಳಬೇಕು?" ಎಂದು ವಾದ. ನೆರೆಯವರೂ ಅವಳ ಪಕ್ಷ. "ಕೆಳಗೆ ಏಳು ವರ್ಷದ ಬೇರಿದೆ ಟೀಚರ್. ಮಾರ್ಚ್ ಬರಲಿ, ಅದರ ಮೇಲೆ ಮತ್ತೆ ಸತ್ಸುಮ ಕೂರಿಸೋಣ" ಎಂದರು.

ಮಾರ್ಚಿಗೆ ಮೊದಲು ಜನವರಿ ಬಂತು. 2025ರ ಜನವರಿ 20ರ ರಾತ್ರಿ ಹಿಮ ಬೀಳುತ್ತದೆಂದು ಟಿ.ವಿ.ಯಲ್ಲಿ ಹೇಳತೊಡಗಿದಾಗ ಇಡೀ ಬಡಾವಣೆ ನಲ್ಲಿಗಳಿಗೆ ಬಟ್ಟೆ ಸುತ್ತತೊಡಗಿತು. 2021 ಯಾರಿಗೂ ಮರೆತಿರಲಿಲ್ಲ. ನಮ್ಮ ಗಿಡ ಬೋಳಾಗಿ ನಿದ್ರಿಸುತ್ತಿತ್ತು, ಅದಕ್ಕೆ ಯಾರ ಆರೈಕೆಯೂ ಬೇಡ. ಎಲ್ಲರ ಚಿಂತೆ ನೆರೆಯವರ ಸತ್ಸುಮದ್ದು. ನಾಲ್ಕು ವರ್ಷದಲ್ಲಿ ಮತ್ತೆ ಆಳೆತ್ತರ ಬೆಳೆದಿತ್ತು ಅದು, ಅವರಿಗೋ ಸೊಂಟ ನೋವು. ನಾನೂ ಮಗನೂ ಹೋದೆವು. ಬುಡದ ಮಣ್ಣಿನ ಗುಪ್ಪೆ ಆಗಲೇ ಇತ್ತು. ಹಗಲಲ್ಲಿ ಸುತ್ತಲಿನ ನೆಲಕ್ಕೆ ನೀರುಣಿಸಿದೆವು. ಒದ್ದೆ ಮಣ್ಣು ಹಗಲಿನ ಕಾವನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ. ಆಮೇಲೆ ಹಳೆಯ ಹೊದಿಕೆಗಳನ್ನು ಡೇರೆಯಂತೆ ನೆಲ ಮುಟ್ಟುವ ಹಾಗೆ ಇಳಿಬಿಟ್ಟು ಅಂಚಿಗೆ ಇಟ್ಟಿಗೆ ಹೇರಿದೆವು. ಲಾಲಿಪಾಪಿನಂತೆ ತಲೆಗೆ ಮಾತ್ರ ಬಟ್ಟೆ ಕಟ್ಟಿದರೆ ನೆಲದ ಕಾವು ಗಿಡಕ್ಕೆ ಸಿಗುವುದೇ ಇಲ್ಲವಂತೆ. 2021ರಲ್ಲಿ ಮಗ ಮಾಡಿದ್ದು ಅದನ್ನೇ.

ಒಳಗೆ ಕಾವಿಗಾಗಿ ಮಗ ಕ್ರಿಸ್‌ಮಸ್ ದೀಪದ ಸರ ತಂದ. ಮುದುಕರು ಒಂದು ಬಲ್ಬು ಮುಟ್ಟಿ ನೋಡಿ ನಕ್ಕರು. ಅವು ಎಲ್‌ಇಡಿ. ಕರೆಂಟು ಉಳಿಸುವ ದೀಪಕ್ಕೆ ಕಾವೆಲ್ಲಿಂದ ಬರಬೇಕು? ಅವರ ಗ್ಯಾರೇಜಿನ ಅಟ್ಟದಿಂದ ತಂತಿ ಕೆಂಪಾಗಿ ಉರಿಯುವ ಹಳೆಯ ಕಾಲದ ಸರ ಹುಡುಕಿ ತಂದು ಕೊಂಬೆಗಳ ನಡುವೆ ಹರಡಿದೆವು. ಸಾಮಾನ್ಯ ಜ್ಞಾನದಲ್ಲಿ ಎಂಜಿನಿಯರ್ ಮಗ ಅಂದು ನಪಾಸಾದ. ಅಪ್ಪ ಮೊದಲೇ ಆಗಿದ್ದರಿಂದ ಬೈಯುವಂತಿರಲಿಲ್ಲ.

ಬೆಳಿಗ್ಗೆ ಎದ್ದರೆ ಹ್ಯೂಸ್ಟನ್ ಬಿಳುಪಾಗಿತ್ತು. ಶಾಲೆಗೆ ರಜೆ. ಹಿಮವೆಂದರೆ ಸಿನಿಮಾದಲ್ಲಿ ನೋಡಿದ್ದ ನನ್ನ ಶ್ರೀಮತಿ ಬಾಗಿಲಲ್ಲಿ ನಿಂತು ಅಂಗೈ ಒಡ್ಡಿ, "ಥೇಟ್ ಅರಳೆ" ಎಂದಳು. ಪುಟ್ಟಿ ಬೂಟು ಹಾಕಿಕೊಂಡು ನೇರ ತನ್ನ ಗಿಡದ ಬಳಿಗೆ ಓಡಿದಳು. ಕಡುಹಸಿರು ಮುಳ್ಳುಗಳ ಮೇಲೆಲ್ಲ ಹಿಮ ಕೂತಿತ್ತು. ಎದುರು ಮನೆಯ ವಿಯೆಟ್ನಾಮಿ ಅಜ್ಜಿ ತಮ್ಮ ಕುಮ್‌ಕ್ವಾಟ್ ಗಿಡದ ಮೇಲಿನ ಕಂಬಳಿ ಎತ್ತಿ ಇಣುಕುತ್ತಿದ್ದರು. ಬೆರಳ ತುದಿಯಷ್ಟಿರುವ, ಸಿಪ್ಪೆಸಮೇತ ತಿನ್ನುವ ಆ ಕಿತ್ತಳೆ ಅವರ ಹೊಸವರ್ಷಕ್ಕೆ ಮನೆಯಲ್ಲಿ ಇರಲೇಬೇಕಂತೆ. 'ತೆತ್' ಹಬ್ಬಕ್ಕೆ ಎಂಟೇ ದಿನ ಉಳಿದಿತ್ತು. ಹಣ್ಣೆಲ್ಲ ಹಾಗೇ ಇದ್ದವು. ಹೆಬ್ಬೆರಳೆತ್ತಿ ನಮಗೆ ತೋರಿಸಿದರು. ಮರುದಿನ ಬೆಳಗಿನ ಜಾವ ನಮ್ಮ ಹಿತ್ತಲ ಮಾಪಕ 21 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಸೊನ್ನೆಗಿಂತ ಆರು ಡಿಗ್ರಿ ಕೆಳಗೆ.

ನೆರೆಯವರ ಮರದ ಹೊದಿಕೆ ತೆಗೆದಾಗ ಹೊರ ಎಲೆಗಳು ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದಿದ್ದವು. ಸತ್ತೇಹೋಯಿತೆಂದು ನಾನು ಕತ್ತರಿಗೆ ಕೈ ಹಾಕಿದೆ. ಅವರು ತಡೆದರು. ಉಗುರಿನಿಂದ ಕೊಂಬೆಯ ತೊಗಟೆ ಕೆರೆದು ತೋರಿಸಿದರು. ಒಳಗೆ ಹಸಿರು. ಕಂದಿದ್ದರೆ ಸತ್ತಂತೆ, ಹಸಿರಿದ್ದರೆ ಕಾಯಬೇಕು. ಎಲ್ಲಿಯವರೆಗೆ ಬದುಕಿದೆಯೆಂದು ಮರವೇ ವಸಂತದಲ್ಲಿ ಚಿಗುರಿ ಹೇಳುತ್ತದೆ, ಅಲ್ಲಿಯವರೆಗೆ ಕತ್ತರಿ ಮುಟ್ಟಬಾರದು.

ಫೆಬ್ರವರಿಯಲ್ಲಿ ಇನ್ನೊಂದು ಪಾಠವಾಯಿತು. ಕಸಿಗೆ ಅವರ ಮರದ್ದೇ ಕಡ್ಡಿ ಕೊಡಬಹುದಲ್ಲ ಎಂದೆ. ಅದಕ್ಕಿಂತ ಹೆಚ್ಚಾಗಿ, ಊರಿನಿಂದ ಬರುವ ಯಾರ ಕೈಯಲ್ಲಾದರೂ ಕೊಡಗಿನ ಕಿತ್ತಳೆಯ ಕುಡಿ ತರಿಸಿದರೆ ಹೇಗೆ ಎಂಬ ಆಸೆ ನನ್ನದು. ಮುದುಕರ ಮುಖ ಗಂಭೀರವಾಯಿತು. ನೂರು ವರ್ಷದ ಹಿಂದೆ ಕಜ್ಜಿ ರೋಗ ಬಂದದ್ದು ಹೀಗೇ. ಈಗಿನ ಕಾಟ ಅದಕ್ಕಿಂತ ಕೆಟ್ಟದ್ದು, 'ಗ್ರೀನಿಂಗ್' ರೋಗ. ಸಣ್ಣ ಜಿಗಿಹುಳುವೊಂದು ಹರಡುವ ಬ್ಯಾಕ್ಟೀರಿಯಾ. ಕೊಡಗಿನ ಕಿತ್ತಳೆಯನ್ನು ಬಲಿ ತೆಗೆದುಕೊಂಡವುಗಳಲ್ಲಿ ಅದೂ ಒಂದು. ಫ್ಲಾರಿಡದಲ್ಲಿ 2005ರಲ್ಲಿ, ಟೆಕ್ಸಾಸಿನಲ್ಲಿ 2012ರಲ್ಲಿ ಕಾಣಿಸಿಕೊಂಡಿತು. ಮರ ನೋಡಲು ಚೆನ್ನಾಗಿಯೇ ಇದ್ದು ಒಳಗೆ ರೋಗವಿರಬಹುದು. ಅದಕ್ಕೆ ರೋಗವಿಲ್ಲವೆಂದು ಪರೀಕ್ಷಿಸಿದ ಕಡ್ಡಿಗಳನ್ನೇ ತರಿಸಬೇಕು. ಟೆಕ್ಸಾಸಿನ ದಕ್ಷಿಣ ತುದಿಯ ವೆಸ್ಲಾಕೊದಲ್ಲಿ ವಿಶ್ವವಿದ್ಯಾಲಯದ ಕಿತ್ತಳೆ ಸಂಶೋಧನಾ ಕೇಂದ್ರವಿದೆ. ಅಂಥ ಕಡ್ಡಿಗಳು ಅಲ್ಲಿಯವು. ನಾನು ಊರ ಕುಡಿಯ ಮಾತನ್ನು ಅಲ್ಲಿಗೇ ಬಿಟ್ಟೆ.

ಮಾರ್ಚ್ ಮಧ್ಯದಲ್ಲಿ ಮೂರೆಲೆ ಗಿಡ ಬಿಳಿ ಹೂ ಬಿಟ್ಟು, ತೊಗಟೆ ಸುಲಭವಾಗಿ ಬಿಡತೊಡಗಿದಾಗ ಕಣ್ಣು ಕಸಿಗೆ ಕೂತೆವು. ಚಾಕುವನ್ನು ನನ್ನ ಕೈಗೇ ಕೊಟ್ಟರು. ಮೂವತ್ತು ವರ್ಷ ಸೀಮೆಸುಣ್ಣದಲ್ಲಿ ಕಸಿ ಮಾಡಿದವನ ಕೈ ನಡುಗುತ್ತಿತ್ತು. ತೊಗಟೆಯಲ್ಲಿ ಇಂಗ್ಲಿಷಿನ 'ಟಿ' ಅಕ್ಷರದಂತೆ ಸೀಳು. ತುಟಿಗಳನ್ನು ಮೆಲ್ಲನೆ ಬಿಡಿಸಿ, ಕಡ್ಡಿಯಿಂದ ಕೆತ್ತಿದ ಒಂದು ಕಣ್ಣನ್ನು ಒಳಗೆ ಜಾರಿಸಿ, ಪಟ್ಟಿ ಸುತ್ತುವುದು. ಹೇಳಲು ಇಷ್ಟೇ. ಮೊದಲ ಕಣ್ಣನ್ನು ತಲೆಕೆಳಗಾಗಿ ಕೂರಿಸಿದ್ದೆ. ಅದನ್ನು ಕಂಡುಹಿಡಿದವಳು ಪುಟ್ಟಿ. ಒಟ್ಟು ನಾಲ್ಕು ಕಣ್ಣು, ಎಲ್ಲವೂ ಮೊಣಕಾಲಿಗಿಂತ ಕೆಳಗೆ. ಮುಂದಿನ ಚಳಿಗೆ ಮಣ್ಣು ಏರಿಸಿದಾಗ ಮುಚ್ಚಬೇಕಲ್ಲ. ಮೂರು ವಾರದ ಮೇಲೆ ಪಟ್ಟಿ ಬಿಚ್ಚಿದಾಗ ಎರಡು ಕಪ್ಪಾಗಿದ್ದವು, ಎರಡು ಹಸಿರಾಗಿದ್ದವು. ತಲೆಕೆಳಗಾಗಿದ್ದು ಯಾವುದೆಂದು ಯಾರಿಗೂ ನೆನಪಿರಲಿಲ್ಲ. ಮೇಲಿನ ಮೂರೆಲೆಯ ಕೊಂಬೆಗಳನ್ನು ಬಾಗಿಸಿ ಕಟ್ಟಿ, ಏಪ್ರಿಲ್ ಕೊನೆಗೆ ನಾವು ವಿಮಾನ ಹತ್ತಿದೆವು.

ಮೇ ತಿಂಗಳ ಒಂದು ಬೆಳಿಗ್ಗೆ ಸೋಮವಾರಪೇಟೆಯಲ್ಲಿ ಮುಂಗಾರಿಗೆ ಮುಂಚಿನ ಮಳೆ ಹೊಯ್ಯುತ್ತಿತ್ತು. ಫೋನು ಬಂತು. ಪರದೆಯ ತುಂಬ ಒಂದು ಬೆರಳು, ಅದರ ಪಕ್ಕ ಗೇಣುದ್ದದ ಎಳೆಯ ಚಿಗುರು.

"ತಾತ, ನೋಡು. ಎಣಿಸ್ತೀನಿ. ಒಂದೇ ಎಲೆ. ಇಲ್ಲೂ ಒಂದೇ. ಇಲ್ಲೂ."

ಹಿಂದಿನಿಂದ ಮಗನ ದನಿ ಕೇಳಿಸಿತು. ಇನ್ನೊಂದು ಕಣ್ಣೂ ಉಬ್ಬಿದೆಯಂತೆ, ಕೆಳಗಿನಿಂದ ಬಂದ ಮೂರೆಲೆಯ ಚಿಗುರುಗಳನ್ನು ಪುಟ್ಟಿಯೇ ವಾರಕ್ಕೊಮ್ಮೆ ಚಿವುಟುತ್ತಾಳಂತೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನವೆಂಬರ್ ಪುಟ ತೆಗೆದು, ಮೂರನೆಯ ಶನಿವಾರದ ಚೌಕದಲ್ಲಿ ಸಲಿಕೆಯ ಚಿತ್ರ ಬರೆದಿಟ್ಟಿದ್ದಾಳೆ.